ಶಾಂತಾಳ ಅಜ್ಜಿಯ ಬಗ್ಗೆ ನಾನು ಹೇಳಿದ್ದು

ಹದಿನಾರು ವರ್ಷದ ಒಬ್ಬ ಹುಡುಗಿಯ ವಿರುದ್ಧ ನಾನು ಸುಳ್ಳು ಸಾಕ್ಷಿ ಹೇಳಿದೆ. ಸುಳ್ಳು ಸಾಕ್ಷಿ ಹೇಳಬಾರದು ಎಂಬ ಎಂಟನೆಯ ಕಟ್ಟಳೆಯನ್ನು ಅವಳಿಗೆ ಬಾಯಿಪಾಠ ಮಾಡಿಸಿದವಳೂ ನಾನೇ. ಹತ್ತು ವರ್ಷಗಳಾದವು. ಪಾಪನಿವೇದನೆಯಲ್ಲಿ ಮೊಣಕಾಲೂರಿ ಗುರುಗಳಿಗೆ ಹೇಳಿದ್ದೇನೆ, ದೇವರಿಗೂ ಹೇಳಿದ್ದೇನೆ — ಹೇಳಬೇಕಾದವಳಿಗೆ ಮಾತ್ರ...

ಆಗ ನನಗೆ ಇಪ್ಪತ್ತಮೂರು. ಚಿಟಗುಪ್ಪದಿಂದ ಹುಮನಾಬಾದಿಗೆ ಬಂದು, ಹೈಸ್ಕೂಲು ಕಲಿಯುತ್ತಿದ್ದ ಐದು ಹುಡುಗಿಯರಿಗೆ ಧರ್ಮಪಾಠ ಹೇಳುತ್ತಿದ್ದೆ. ಸರಕಾರದ ಭಾಷೆ ಉರ್ದು, ಹಾಗಾಗಿ ಅವರ ಶಾಲೆಯ ಓದೆಲ್ಲ ಅದರಲ್ಲೇ. ನನ್ನ ಪಾಠವೊಂದೇ ಕನ್ನಡದಲ್ಲಿ. ಭಾನುವಾರ ಪೂಜೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಹಣೆಗೆ ತೈಲ ಹಚ್ಚಿ ನಂಬಿಕೆಯಲ್ಲಿ ಗಟ್ಟಿಮಾಡುವ ದೃಢೀಕರಣ ಸಂಸ್ಕಾರಕ್ಕೆ ಅವರನ್ನು ಸಿದ್ಧಮಾಡುವುದು ನನ್ನ ಕೆಲಸ. ಪರೀಕ್ಷೆ ಮಾಡಲು ದೂರದ ಊರಿನಿಂದ ಫಾದರ್ ಬರುವವರಿದ್ದರು.

ಐವರಲ್ಲಿ ಜಾಣೆ ಶಾಂತಾ. ತಂದೆತಾಯಿ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ಕಲ್ಯಾಣದಲ್ಲಿ ಹಳೆ ಬಟ್ಟೆಯ ಕೌದಿ ಹೊಲಿದು ಅವಳನ್ನು ಸಾಕಿದವಳು ಅಜ್ಜಿ ಮಲ್ಲವ್ವ. ಮೊಮ್ಮಗಳು ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿದ್ದಳು, ಅಜ್ಜಿ ಆಗಿರಲಿಲ್ಲ. ಒಂದು ದಿನ ಪಾಠದ ನಡುವೆ ಶಾಂತಾ ಕೇಳಿದಳು: "ಅಕ್ಕೋರೇ, ನಮ್ಮ ಆಯಿ ಜ್ಞಾನಸ್ನಾನ ತಗೊಂಡಿಲ್ಲರಿ. ಆಕಿ ಸತ್ರ ಎಲ್ಲಿ ಹೋಗ್ತಾಳ್ರಿ?"

ಉತ್ತರ ನನಗೆ ಗೊತ್ತಿತ್ತು. ತನ್ನದಲ್ಲದ ತಪ್ಪಿನಿಂದ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಗೆ ಸರಿಯಾಗಿ ಬಾಳಿದವರನ್ನು ದೇವರು ಕೈಬಿಡುವುದಿಲ್ಲ ಎಂದು ನನಗೆ ಧರ್ಮಪಾಠ ಕಲಿಸಿದ ಗುರುಗಳು ಬಿಡಿಸಿ ಹೇಳಿದ್ದರು. ಆದರೆ ಫಾದರ್ ಬರುವುದರೊಳಗೆ ಒಬ್ಬ ಮುದುಕಿಯನ್ನು ಜ್ಞಾನಸ್ನಾನಕ್ಕೆ ಕರೆತಂದರೆ ನನಗೆಷ್ಟು ಹೆಸರು — ಆ ಗಳಿಗೆಯಲ್ಲಿ ನಾನು ಯೋಚಿಸಿದ್ದು ಅಷ್ಟೇ.

"ನರಕಕ್ಕ ಹೋಗ್ತಾಳ," ಎಂದೆ. "ಹ್ಯಾಂಗರ ಮಾಡಿ ಆಕಿನ್ನ ಒಪ್ಪಸು."

ಶಾಂತಾ ರಜೆಗೆ ಊರಿಗೆ ಹೋದಾಗ ಮಲ್ಲವ್ವ ಜ್ವರದಿಂದ ಮಲಗಿದ್ದಳಂತೆ. ಶಾಂತಾ ಅತ್ತಳು, ಬೇಡಿದಳು, ಕಾಲು ಹಿಡಿದಳು. ಮೊದಲು ನಕ್ಕ ಅಜ್ಜಿ ಕೊನೆಗೆ ಕೇಳಿದಳಂತೆ: "ನಾ ಯಾರಿಗೆ ಏನ್ ಕೆಟ್ಟ ಮಾಡೀನಿ ಅಂತ ನಿಮ್ಮ ದೇವ್ರು ನನ್ನ ಬೆಂಕ್ಯಾಗ ಹಾಕ್ತಾನ? ನೀನೂ ಹಾಂಗ ತಿಳದೀ ಏನವ್ವ?" ಶಾಂತಾ ಇಲ್ಲ ಎನ್ನಲಿಲ್ಲ. ಹೇಗೆ ಅಂದಾಳು — ನಾನು ಕಲಿಸಿದ್ದೇ ಅದು. ಆ ಮೇಲೆ ಮುದುಕಿ ಮೊಮ್ಮಗಳ ಕೈಯಿಂದ ಗಂಜಿ ಕುಡಿಯಲಿಲ್ಲ, ಅವಳೊಡನೆ ಮಾತಾಡಲೂ ಇಲ್ಲ. ಮೂರನೆಯ ದಿನ ಹೋಗಿಬಿಟ್ಟಳು.

ಇದನ್ನೆಲ್ಲ ಶಾಂತಾ ತಿರುಗಿ ಬಂದು ನನಗೇ ಹೇಳಿದಳು. ಆಗಲಾದರೂ ನಿಜ ಹೇಳಬಹುದಿತ್ತು. ಅವಳ ತಲೆ ಸವರಿ, "ಪ್ರಾರ್ಥನಾ ಮಾಡವ್ವ," ಎಂದೆ. ಅಷ್ಟೇ ಅಂದೆ.

ಪರೀಕ್ಷೆಯ ದಿನ ಫಾದರ್ ಅವಳನ್ನು ಕೇಳಿದ್ದು ಬಹಳ ಸುಲಭದ ಪ್ರಶ್ನೆ: ದೇವರು ಎಂಥವನು? ಅಪಾರ ಕರುಣೆಯುಳ್ಳವನು ಎಂಬ ಉತ್ತರವನ್ನು ನೂರು ಸಲ ಒಪ್ಪಿಸಿದ್ದ ಹುಡುಗಿ ಈ ಸಲ ಅದನ್ನು ಒಪ್ಪಿಸಲಿಲ್ಲ. "ಕರುಣೆ ಇದ್ದಾವ ನಮ್ಮ ಆಯಿನ್ನ ಯಾಕ ಬೆಂಕ್ಯಾಗ ಇಟ್ಟಾನ್ರಿ, ಫಾದರ್?" ಎಂದಳು.

ಫಾದರ್ ಪುಸ್ತಕ ಕೆಳಗಿಟ್ಟರು. "ಯಾರಮ್ಮ ನಿನಗೆ ಹಾಗೆ ಹೇಳಿದ್ದು?"

ಅವಳು ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಿದಳು, ಅಷ್ಟೇ. ಉಳಿದ ನಾಲ್ವರೂ ನೋಡಿದರು.

"ನಾ ಹಾಂಗ ಹೇಳಿಲ್ಲರಿ, ಫಾದರ್. ಆಕಿ ತಪ್ಪು ತಿಳ್ಕೊಂಡಾಳ್ರಿ," ಎಂದೆ. ನನ್ನ ದನಿ ನಡುಗಲಿಲ್ಲ ಕೂಡ.

ಶಾಂತಾ ತಲೆ ತಗ್ಗಿಸಿದಳು. "ಹೌದ್ರಿ, ಫಾದರ್. ನಂದ ತಪ್ಪು."

ಯಾಕೆ ಹಾಗೆಂದಳೋ — ನನ್ನ ಮೇಲಿನ ಗೌರವವೋ, ಮರುಕವೋ, ಇನ್ನು ಮಾತಾಡಿ ಏನಾಗಬೇಕು ಎಂಬ ದಣಿವೋ... ಫಾದರ್ ಅವಳನ್ನು ಹತ್ತಿರ ಕೂರಿಸಿಕೊಂಡು, ನಾನು ಹೇಳಬೇಕಾಗಿದ್ದ ಮಾತುಗಳನ್ನು ಮೆತ್ತಗೆ, ಒಂದೊಂದಾಗಿ ಹೇಳಿದರು. ಅವಳ ಮುಖ ಬಿಳಿಚುತ್ತ ಹೋದದ್ದನ್ನು ನಾನು ಕಂಡೆ. ಅಜ್ಜಿಯ ಕೊನೆಯ ಮೂರು ದಿನಗಳನ್ನು ತಾನು ಸುಮ್ಮಸುಮ್ಮನೆ ಕಹಿಮಾಡಿದೆ ಎಂಬುದು ಅವಳಿಗೆ ಆಗ ತಿಳಿಯಿತು.

ಪಾಠ ಸರಿಯಾಗಿ ಬಂದಿಲ್ಲ ಎಂದು ಅವಳ ದೃಢೀಕರಣವನ್ನು ಮುಂದೆ ಹಾಕಿದರು. ನಾಲ್ವರ ಹಣೆಗೆ ಪವಿತ್ರ ತೈಲ ಹಚ್ಚುವಾಗ ಅವಳು ಕೊನೆಯ ಸಾಲಿನಲ್ಲಿ ಕೂತಿದ್ದಳು. ವಾರದೊಳಗೆ ಓದು ಬಿಟ್ಟು ಕಲ್ಯಾಣಕ್ಕೆ ಹೋದಳು.

ಮುಂದೆ ನನ್ನ ನಿವೇದನೆ ಕೇಳಿದ ಗುರುಗಳು ಪಾಪವಿಮೋಚನೆ ಕೊಟ್ಟರು, ಆದರೆ ಒಂದು ಮಾತು ಸೇರಿಸಿದರು: "ಅವಳ ಹೆಸರು ಕೆಡಿಸಿದವಳು ನೀನು. ಅದನ್ನು ಸರಿಮಾಡಬೇಕಾದವಳೂ ನೀನೇ."

ಹೋದ ವರ್ಷ ಕಲ್ಯಾಣಕ್ಕೆ ಹೋದೆ, ಹೇಳಬೇಕೆಂದೇ. ಶಾಂತಾ ಬಾಗಿಲಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು, ಮಡಿಲಲ್ಲಿ ಮಗು. "ಬರ್ರಿ ಅಕ್ಕೋರೇ, ಬಿಸಲಾಗ ಬಂದೀರಿ," ಎಂದು ಚಹಾ ಮಾಡಿಕೊಟ್ಟಳು. ನಾನು ಕುಡಿದೆ. ಮಗುವಿನ ಹೆಸರು ಕೇಳಿದೆ. "ಮಲ್ಲವ್ವ," ಅಂದಳು. ಲೋಟ ಕೆಳಗಿಟ್ಟು, ಹೇಳಬೇಕಾದದ್ದನ್ನು ಹೇಳದೆ ಎದ್ದು ಬಂದುಬಿಟ್ಟೆ.

ಈ ಸಲ ಒಬ್ಬಳೇ ಹೋಗುವುದಿಲ್ಲ. ಅಂದಿನ ನಾಲ್ವರಲ್ಲಿ ಇಬ್ಬರು ಹುಮನಾಬಾದಿನಲ್ಲೇ ಇದ್ದಾರೆ, ಬರುತ್ತೇವೆಂದಿದ್ದಾರೆ. ತಪ್ಪು ಅವಳದಲ್ಲ, ನಿಜ ಗೊತ್ತಿದ್ದೂ ನರಕ ಎಂದವಳು ನಾನೇ ಎಂದು ಅವರೆದುರಿಗೇ ಶಾಂತಾಳಿಗೆ ಹೇಳುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ — ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ.