ಬೀದಿ ಹಂದಿ ಎಂದು ಬರೆದ ಗೌತಮಿ

ಗೌತಮಿಗೆ ಈಗ ಮೂವತ್ತೆಂಟು. ಮೈಸೂರಿನ ಒಂದು ಪ್ರಾಣಿರೋಗ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಇವತ್ತಿಗೂ ಗುತ್ತಿಗೆಯವಳೇ.

ಹಂದಿಯ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತಂದ ಲೋಳೆಯನ್ನು ಕುರಿ ರಕ್ತ ಬೆರೆಸಿದ ತಟ್ಟೆಯ ಮೇಲೆ ಗೀರುತ್ತಾಳೆ. ಮರುದಿನ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಎದ್ದಿರುತ್ತವೆ. ಒಂದೇ ಹೆಸರಿನ ಬ್ಯಾಕ್ಟೀರಿಯಾದಲ್ಲಿ ಹತ್ತಾರು ಟೈಪು. ಬಹಳಷ್ಟು ಹಂದಿಯ ಗಂಟಲಲ್ಲೇ ತಣ್ಣಗೆ ಬಾಳಿಕೊಂಡಿರುತ್ತವೆ. ಎರಡನೇ ಟೈಪು ಹಾಗಲ್ಲ. ಕೈಗಾಯದಿಂದ ಮನುಷ್ಯನ ಮೈಹೊಕ್ಕರೆ ಮಿದುಳಿನ ಪೊರೆಗೇ ಹತ್ತುತ್ತದೆ. ಬದುಕಿ ಉಳಿದವರಲ್ಲೂ ಎಷ್ಟೋ ಜನರ ಕಿವಿ ಹೋಗುತ್ತದೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸೀರಂ ಬಿಟ್ಟು, ಚುಕ್ಕಿಯನ್ನು ಅದರಲ್ಲಿ ಕದಡಿ ಅತ್ತಿತ್ತ ಓಲಾಡಿಸಬೇಕು. ಆ ಸೀರಂಗೆ ಹೊಂದುವ ಟೈಪಾದರೆ ಒಡೆದ ಹಾಲಿನಂತೆ ಗರಣೆ ಕಟ್ಟುತ್ತದೆ. ಆ ಗರಣೆ ಗುರುತಿಸುವುದರಲ್ಲಿ ಗೌತಮಿಯ ಕಣ್ಣನ್ನು ಮೀರಿಸುವವರು ಅಲ್ಲಿ ಯಾರೂ ಇಲ್ಲ.

ಅಲ್ಲಿನವರಿಗೆ ಗೊತ್ತಿಲ್ಲದ್ದು ಒಂದಿತ್ತು. ಅವಳ ತಂದೆ ಸಣ್ಣಮಾದಯ್ಯ ಹಂದಿ ಸಾಕುವವರು. ವಿದ್ಯಾರಣ್ಯಪುರಂ ದಾಟಿದ ಮೇಲೆ, ಊರು ಮೂಗು ಮುಚ್ಚಿಕೊಳ್ಳುವ ಕಡೆ ಅವರ ಗೂಡು. ಸರಸ್ವತಿಪುರಂನ ಮೆಸ್ಸುಗಳಲ್ಲಿ ನಮ್ಮ ಮಕ್ಕಳು ಅರ್ಧ ತಿಂದು ಬಿಸಾಡಿದ ಇಡ್ಲಿ, ಕಲ್ಯಾಣಮಂಟಪಗಳಲ್ಲಿ ನಾವು ಎಲೆ ಮಡಚಿ ಎದ್ದ ಮೇಲೆ ಉಳಿದ ಪಾಯಸ, ಎಲ್ಲವನ್ನೂ ಡ್ರಮ್ಮಿಗೆ ತುಂಬಿಕೊಂಡು ಟಿವಿಎಸ್ ಗಾಡಿಯಲ್ಲಿ ಸಾಗಿಸಿ ಈ ನಗರವನ್ನು ಚೊಕ್ಕವಾಗಿಟ್ಟವರು ಅವರು. ಸಿಗ್ನಲ್ಲಿನಲ್ಲಿ ಆ ಗಾಡಿ ಪಕ್ಕಕ್ಕೆ ಬಂದರೆ ನಾವು ಕಾರಿನ ಗಾಜು ಏರಿಸುತ್ತೇವೆ.

ಹೋದ ಚಳಿಗಾಲದಲ್ಲಿ ನಗರದ ಹಂದಿಗಳ ಸ್ಯಾಂಪಲ್ ತೆಗೆಯುವ ಕೆಲಸ ಬಂತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಸಹೋದ್ಯೋಗಿ ಶಿಲ್ಪಶ್ರೀ ಹೇಳಿದಳು: "ಆ ಕೇರಿಗಳಿಗೆ ಹೋಗ್ಬಂದ್ರೆ ತಲೆಗೆ ಸ್ನಾನ ಮಾಡ್ದೆ ನಾನು ಅಡುಗೆಮನೆಗೆ ಕಾಲಿಡಲ್ಲ ಕಣ್ರೀ. ಅದು ಹೇಗೆ ಬದುಕ್ತಾರೋ ಆ ಜನ!"

ಗೌತಮಿ ತನ್ನ ಡಬ್ಬಿಯ ಮುಚ್ಚಳ ಹಾಕಿದಳು. "ಆ ಕಡೆ ನಾನೇ ಹೋಗ್ತೀನಿ ಬಿಡಿ," ಅಂದಳು.

ಗೂಡಿನಲ್ಲಿ ಅಪ್ಪ ಹಂದಿಯ ದವಡೆ ಅಗಲಿಸಿ ಹಿಡಿದು ಚುಡಾಯಿಸಿದರು. "ಏನವ್ವ, ನನ್ ಗಂಟ್ಲು ಒಂದಿನಾನೂ ನೋಡ್ನಿಲ್ಲ, ಹಂದಿ ಗಂಟ್ಲು ನೋಡಾಕೆ ಸಂಬ್ಳ ಇಸ್ಕತೀಯಾ?"

"ಸುಮ್ನೆ ಗಟ್ಟಿಯಾಗಿ ಹಿಡ್ಕೋಪ್ಪ, ಕಚ್ಚುತ್ತೆ."

"ನನ್ನ ಕಚ್ಚದಾ? ಅವಕ್ಕೆ ನಿನ್ಗಿಂತ ಬುದ್ಧಿ ಅದೆ ಬುಡು."

ಫಾರಂನಲ್ಲಿ ಮಾಲೀಕರ ಹೆಸರು, ವಿಳಾಸ ಎಂದಿತ್ತು. ಅಪ್ಪನ ಹೆಸರು ಬರೆದರೆ ಬೀದಿ ಗೊತ್ತಾಗುತ್ತದೆ, ಬೀದಿ ಗೊತ್ತಾದರೆ ಜಾತಿ ಗೊತ್ತಾಗುತ್ತದೆ, ಆಮೇಲೆ ಡಬ್ಬಿಗಳು ಒಂದೊಂದಾಗಿ ದೂರ ಸರಿಯುತ್ತವೆ. ಅವಳು ಬರೆದಳು: 'ಬೀದಿ ಹಂದಿ. ಮಾಲೀಕರಿಲ್ಲ.'

ಮುಂದಿನ ಬುಧವಾರ ನಲವತ್ತು ಸ್ಯಾಂಪಲ್ಲುಗಳಲ್ಲಿ ಮೂರು, ಎರಡನೇ ಟೈಪಿನ ಸೀರಂನಲ್ಲಿ ಗರಣೆ ಕಟ್ಟಿದವು. ಮೂರನೆಯದು ಅಪ್ಪನ ಹಂದಿಯದು. ಗುರುವಾರ ಅಧಿಕಾರಿ ಮಹಾಂತೇಶ್ ಪಟ್ಟಿ ಹಿಡಿದು ಕುಳಿತರು. ಉಳಿದೆರಡು ಹಂದಿಗಳ ಮಾಲೀಕರಿಗೆ ಫೋನು ಹೋಯಿತು, ಪಶುವೈದ್ಯರು ಹೋದರು. ಕೈಗವಸು ಕೊಟ್ಟು, ಕಾಯಿಲೆ ಬಿದ್ದ ಹಂದಿಯನ್ನು ಕೊಯ್ಯಬೇಡಿ ಎಂದು ಹೇಳಿ ಬಂದರು.

"ಇದು ಬೀದಿ ಹಂದೀನಾ? ಯಾರಿಗಂತ ಹೇಳೋದು, ಬಿಡಿ," ಅಂದರು ಮಹಾಂತೇಶ್.

ಗೌತಮಿ ಎದುರಿಗೇ ನಿಂತಿದ್ದಳು. ಫೋನಿನಲ್ಲಿ ಹೇಳಿದರೆ ಅಪ್ಪ ಇಡೀ ಬೀದಿಗೆ ಸಾರುತ್ತಾರೆ, ಬೀದಿಯವರು ಅವಳನ್ನು ಕೇಳಿಕೊಂಡು ಲ್ಯಾಬಿಗೇ ಬರುತ್ತಾರೆ. ಹಂದಿ ಚೆನ್ನಾಗಿಯೇ ಇತ್ತಲ್ಲ. ಭಾನುವಾರ ಹೇಗೂ ಒಂಟಿಕೊಪ್ಪಲಿನ ಗಂಡನ ಮನೆಯಿಂದ ತವರಿಗೆ ಹೋಗುವುದಿದೆ, ಆಗ ಮೆಲ್ಲಗೆ ಹೇಳಿದರಾಯಿತು ಅಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಆ ಹಂದಿ ಕುತ್ತಿಗೆ ವಾರೆ ಮಾಡಿಕೊಂಡು ಬಿದ್ದಿತ್ತು. ಆ ಬೀದಿಯಲ್ಲಿ ಒಂದು ಪದ್ಧತಿಯಿದೆ. ಪ್ರಾಣ ಹೋಗುವ ಮೊದಲು ಕೊಯ್ದರೆ ಬಾಡು, ಹೋದ ಮೇಲಾದರೆ ಗುಂಡಿ ಪಾಲು. ಸಣ್ಣಮಾದಯ್ಯ ಕೊಯ್ದರು. ಬಾಳೆಲೆಯ ಮೇಲೆ ಗುಡ್ಡೆ ಹಾಕಿ ಮನೆಮನೆಗೆ ಹಂಚಿದರು. ಕೊಯ್ದವನಿಗೆ ತಲೆ. ಆ ತಲೆಯನ್ನು, ಗಂಟಲನ್ನು ಬರಿಗೈಯಲ್ಲಿ ಬಿಡಿಸಿ ತೊಳೆದರು. ಹೆಬ್ಬೆರಳಿನಲ್ಲಿ ಹಸಿ ಗಾಯವಿತ್ತು. ಹಿಂದಿನ ದಿನ ಮುಸುರೆ ಡ್ರಮ್ಮಿನಲ್ಲಿ ಯಾರೋ ಎಸೆದಿದ್ದ ಡಬ್ಬದ ತಗಡು ಕೊರೆದದ್ದು. ಬೇಯಿಸಿ ತಿಂದ ಯಾರಿಗೂ ಏನೂ ಆಗಲಿಲ್ಲ.

ಭಾನುವಾರ ಗೌತಮಿ ಬಂದಾಗ ಅಪ್ಪ ಚಾಪೆಯ ಮೇಲೆ ನರಳುತ್ತಿದ್ದರು. "ರಾತ್ರಿಯಿಂದ ತಲೆ ಸಿಡಿತದೆ ಅಂತವ್ರೆ ಕಣವ್ವ, ಕತ್ತೇ ಬಗ್ಸಾಕಾಯ್ತಿಲ್ಲ," ಅಂದರು ತಾಯಿ ಸೋಮಮ್ಮ. ಒಲೆಯ ಪಕ್ಕ ತೊಳೆದಿಟ್ಟ ಬಾಡಿನ ದೊಡ್ಡ ಪಾತ್ರೆ ಕಂಡಿತು. ಆಟೋ ಕರೆದಳು.

ಆಸ್ಪತ್ರೆಯ ಡ್ಯೂಟಿ ಡಾಕ್ಟರು ವೈರಲ್ ಜ್ವರ ಅಂದರು.

"ಅಲ್ಲ ಸಾರ್. ಹಂದಿಯಿಂದ ಬಂದ ಸ್ಟ್ರೆಪ್ಟೊಕಾಕಸ್, ಎರಡನೇ ಟೈಪು. ಬೆನ್ನಿನ ನೀರು ತೆಗೆದು ನೋಡಿ, ಔಷಧಿ ಈಗ್ಲೇ ಶುರು ಮಾಡಿ."

"ಟೈಪೂ ಗೊತ್ತೇನಮ್ಮ ನಿಂಗೆ?"

"ನಾನೇ ಟೈಪ್ ಮಾಡಿದ್ದು ಸಾರ್."

"ಯಾರ ಹಂದಿ ಅದು?"

"ನಮ್ಮಪ್ಪಂದು."

ಓದಿದವರ ಎದುರು ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅಪ್ಪನ ಜೀವ ಉಳಿದದ್ದು ಆ ಮಾತಿನಿಂದ. ಐದನೇ ದಿನ ಕಣ್ಣು ಬಿಟ್ಟರು. ಸೋಮಮ್ಮ ಕೂಗಿದರೆ ತಿರುಗಲಿಲ್ಲ. ಎರಡು ಕಿವಿಯೂ ಹೋಗಿದ್ದವು.

ಲ್ಯಾಬಿನಲ್ಲಿ ಈಗ ಎಲ್ಲರಿಗೂ ಗೊತ್ತು. "ಮೊದ್ಲೇ ಹೇಳಬಾರದಿತ್ತೇನ್ರೀ?" ಎಂದು ಶಿಲ್ಪಶ್ರೀ ಕಣ್ಣಲ್ಲಿ ನೀರು ತಂದುಕೊಂಡಳಂತೆ. ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಹೇಳುವಂಥ ಒಂದು ದಿನವನ್ನಾದರೂ ಈ ಹನ್ನೊಂದು ವರ್ಷದಲ್ಲಿ ನೀವು ಅವಳಿಗೆ ಕೊಟ್ಟಿದ್ದಿರಾ ತಾಯಿ, ಎಂದಷ್ಟೇ ಕೇಳುತ್ತೇನೆ. ಅವಳಿಗೆ ಮಾತ್ರ ಯಾರ ಮೇಲೂ ಸಿಟ್ಟಿಲ್ಲ. ತಪ್ಪು ತನ್ನದೆನ್ನುತ್ತಾಳೆ.

ಆ ತಪ್ಪನ್ನು ಅಪ್ಪನಿಗೆ ಹೇಳದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೋದ ಭಾನುವಾರ ಮನೆಯ ಮುಂದಿನ ಕಟ್ಟೆಯ ಮೇಲೆ ಅವರ ಎದುರು ಕುಳಿತು, ಫಾರಂನಿಂದ ಹಿಡಿದು ಎಲ್ಲ ಹೇಳಿದಳು. ಅವರು ಓದು ಬಲ್ಲವರಲ್ಲ, ಬರೆದು ತೋರಿಸುವಂತಿಲ್ಲ. ನೀನೇ ಸನ್ನೆ ಮಾಡಿ ತಿಳಿಸವ್ವ ಎಂದರೆ ಸೋಮಮ್ಮ ಒಪ್ಪಲಿಲ್ಲ. "ಬ್ಯಾಡ ಕಣವ್ವ, ಅವ್ರ್ಗೆ ನಿನ್ ಮ್ಯಾಲಿರೋ ಜಂಬ ಒಂದಾದ್ರೂ ಇರ್ಲಿ."

ಸಣ್ಣಮಾದಯ್ಯ ಮಗಳ ತುಟಿಯನ್ನೇ ನೋಡುತ್ತಿದ್ದವರು ರೇಗಿದರು. "ಏನವ್ವ ಅದು, ಪಿಸಪಿಸ ಅಂತೀಯ? ಗಟ್ಟಿಯಾಗಿ ಹೇಳು. ಯಾರಾದ್ರೂ ಕೇಳುಸ್ಕತಾರೆ ಅಂತ ಭಯವಾ?"

ಗೌತಮಿ ಗಂಟಲು ಬಿರಿಯುವಂತೆ ಹೇಳಿದಳು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ಕೇಳಿದರು. ಅವರೊಬ್ಬರಿಗೆ ಕೇಳಿಸಲಿಲ್ಲ.