ಒಟ್ಟು ಎಷ್ಟು ಹಕ್ಕಿ

ಸಮೀಕ್ಷೆ ಕಚೇರಿಯಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅವನ ಕೆಲಸ ಒಂದೇ: ನಸುಕಿನಲ್ಲಿ ಕಾಡಿಗೆ ಹೋಗಿ, ಗುರುತು ಮಾಡಿದ ಜಾಗಗಳಲ್ಲಿ ಹತ್ತು ಹತ್ತು ನಿಮಿಷ ಅಲುಗದೆ ನಿಂತು, ಕಂಡ ಹಕ್ಕಿ, ಕೇಳಿದ ಹಕ್ಕಿ ಎಲ್ಲವನ್ನೂ ಹಾಳೆಗೆ ಇಳಿಸುವುದು. ಸೊಪ್ಪಿನ ಮರೆಯಲ್ಲಿ ಒಮ್ಮೆ ಚುಯ್ ಎಂದರೆ ಸಾಕು, ಯಾವುದೆಂದು ಹೇಳಿಬಿಡುತ್ತಿದ್ದ. ಹಕ್ಕಿ ಕೆಮ್ಮಿದರೂ ಕೇಳುವ ಈ ಮನುಷ್ಯನಿಗೆ ತಾನು ಅಡುಗೆಮನೆಯಿಂದ ಕೂಗಿದರೆ ಮಾತ್ರ ಕಿವುಡು ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಬರೆಯುವುದರಲ್ಲಿ ಮಹಾ ಮೊಂಡ. ಅನುಮಾನವಿದ್ದರೆ ಒಂದನ್ನೂ ಸೇರಿಸುವವನಲ್ಲ, ಕಂಡದ್ದನ್ನು ಬಿಡುವವನೂ ಅಲ್ಲ.

ಆ ಕಾಡಿನ ಅರ್ಧವನ್ನು ದನ ಸಾಕುವ ಕಂಪನಿಗೆ ಕೊಟ್ಟರು. ಮರ ಉರುಳಿಸಿ, ಸುಟ್ಟು, ಹುಲ್ಲು ಬಿತ್ತಿದರು. ಮೂರು ವರ್ಷದ ಮೇಲೆ ಎಣಿಸಬೇಕು, ಹಕ್ಕಿ ಕಡಿಮೆಯಾಗಿದ್ದರೆ ಉಳಿದರ್ಧವನ್ನು ಮುಟ್ಟುವಂತಿಲ್ಲ ಎಂದು ಕರಾರು. ಕಿವಿಯಣ್ಣ ನಿಶ್ಚಿಂತನಾಗಿದ್ದ. ಬೋಳು ಬಯಲಲ್ಲಿ ಕಡಿಮೆಯಾಗದೆ ಇನ್ನೇನು?

ಎಣಿಸಲು ಹೋದರೆ ಬಯಲು ತುಂಬ ಹಕ್ಕಿ. ದನಗಳ ಕಾಲ ಬಳಿ ಬೆಳ್ಳಕ್ಕಿ, ಬೇಲಿ ತಂತಿಯ ಮೇಲೆ ಮೈನಾ, ಹುಲ್ಲಿನ ಬೀಜಕ್ಕೆ ಮುತ್ತಿದ ಮುನಿಯಾ, ಎಲ್ಲವೂ ಹಿಂಡು ಹಿಂಡು. ಮೊದಲು ಅಲ್ಲಿ ಎಂಬತ್ತೆಂಟು ಜಾತಿಯ ಮುನ್ನೂರ ನಲವತ್ತು ಹಕ್ಕಿ ಸಿಕ್ಕಿದ್ದವು. ಈಗ ಒಂಬತ್ತೇ ಜಾತಿ, ಹಕ್ಕಿ ಸಾವಿರದ ನೂರು. ಮಂಗಟ್ಟೆಯಿಲ್ಲ, ಮರಕುಟಿಗವಿಲ್ಲ, ತರಗೆಲೆ ಕೆದಕುವ ಪುಟಾಣಿಗಳ ಸದ್ದೇ ಇಲ್ಲ. ಹಾಳೆಯ ಕೊನೆಯಲ್ಲಿದ್ದ ಚೌಕ ಒಂದೇ: ಒಟ್ಟು. ಲೆಕ್ಕವನ್ನು ಮೂರು ಸಲ ಕೂಡಿ ನೋಡಿದ. ಕೊನೆಗೆ ಇದ್ದದ್ದನ್ನೇ ಬರೆದು ಸಹಿ ಹಾಕಿದ. ಜಾತಿಗಳ ವಿಷಯವನ್ನು ಅಂಚಿನಲ್ಲಿ ಸಣ್ಣಕ್ಷರದಲ್ಲಿ ತುರುಕಿದ.

ಕಚೇರಿಯ ಸಾಹೇಬರು ಕೆಟ್ಟವರಲ್ಲ. ಕೂರಿಸಿ, ಅಂಚಿನ ಬರಹವನ್ನೂ ಓದಿದರು.

"ಕರಾರಲ್ಲಿ ಹಕ್ಕಿ ಅಂತ ಇದೆ ಕಣಯ್ಯ, ಯಾವ ಹಕ್ಕಿ ಅಂತ ಇಲ್ಲ. ಎಣಿಸಿದ್ದೂ ನೀನೇ. ನಾನೇನ್ ಮಾಡ್ಲಿ?"

ಕಾಡಿನ ಹಕ್ಕಿ ಬಯಲು ದಾಟುವುದಿಲ್ಲ, ನೆರಳು ಹೋದರೆ ಅವೂ ಹೋದ ಹಾಗೆ ಎಂದು ಅವನು ಗಂಟಲು ಒಣಗುವವರೆಗೆ ವಿವರಿಸಿದ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಸಾಹೇಬರು ತಲೆಯಾಡಿಸುತ್ತಲೇ ಮೊಹರು ಒತ್ತಿದರು.

ಉಳಿದರ್ಧವನ್ನೂ ಕಡಿಯುವ ಆದೇಶದ ಪ್ರತಿ ವಾರದೊಳಗೆ ಅವನ ಕೈಸೇರಿತು. ಕಾರಣವೆಂದು ಅವನ ಹಾಳೆಯನ್ನೇ ಲಗತ್ತಿಸಿದ್ದರು. ಹೆಂಡತಿ ಓದಿ, ಪಕ್ಕದಲ್ಲಿ ಕೂತಳು.

"ಒಂದು ಸೊನ್ನೆ ಕಮ್ಮಿ ಬರೆದಿದ್ರೆ ಯಾರಿಗ್ರೀ ಗೊತ್ತಾಗ್ತಿತ್ತು?"

"ಯಾರಿಗೂ ಗೊತ್ತಾಗ್ತಿರ್ಲಿಲ್ಲ ಕಣೇ," ಎಂದ ಕಿವಿಯಣ್ಣ. "ಅಲ್ಲಿ ಎಣಿಸೋನು ನಾನೊಬ್ನೇ ಅಲ್ವಾ."