ಬಿಳಿ ಅರಿವೆಯ ಅಕ್ಕೋರು

ಅಕ್ಕೋರ ಮುಖದ ತುಂಬ ಎಳ್ಳು ಉದುರಿಸಿದಂತೆ ಕಂದು ಚುಕ್ಕೆಗಳಿದ್ದವು. ಬೇಸಿಗೆ ಬಂತೆಂದರೆ ಮೂಗು ಕೆಂಪೇರಿ ಸಿಪ್ಪೆ ಏಳುತ್ತಿತ್ತು. ಹಡಗು ಹತ್ತಿ ದೂರದ ದೇಶದಿಂದ ಇಳಕಲ್ಲಿಗೆ ಬಂದು, ನಮ್ಮ ಓಣಿಯ ನೇಕಾರರ ಮಕ್ಕಳಿಗೆ ಅಕ್ಷರ ಕಲಿಸಲು ನಿಂತವರು ಅವರು. ಪಗಾರವಿಲ್ಲದೆ ಯಾರಾದರೂ ಇಂಥ ಬಿಸಿಲಿಗೆ ಬರುತ್ತಾರೆಯೇ ಎಂದು ದೊಡ್ಡವರು ಅನುಮಾನಪಟ್ಟರು. ನಾವು ಚಿಕ್ಕವರು ಅವರ ಮುಖದ ಚುಕ್ಕೆ ಎಣಿಸುತ್ತ ಕೂತೆವು.

ಹಗಲೆಲ್ಲ ನಾವು ಸೀರೆಯ ರೇಷ್ಮೆ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದೆವು. ಕೆಲಸ ಮುಗಿದ ಮೇಲೆ ಸಂಜೆ ಪಾಠ. ಅವರು ಕನ್ನಡ ಕಲಿತದ್ದೂ ನಮ್ಮಿಂದಲೇ, ಹಾಗಾಗಿ ಊರ ಹಿರಿಯರಿಗೂ ಅವರದು ‘ನೀ’ ಎಂಬ ಮಾತೇ. ಒಮ್ಮೆ ನನ್ನ ಕೈಯಲ್ಲಿದ್ದ ಕೆಂಪು ರೇಷ್ಮೆಯನ್ನು ನೋಡಿ, ನನ್ನ ಹರಕು ಪರಕಾರವನ್ನು ನೋಡಿ, “ಈ ಸೀರಿ ನಿಮ್ಮವ್ವ ಉಡ್ತಾಳೇನು?” ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಅವ್ವ ರೇಷ್ಮೆ ಉಡುವುದೆಂದರೇನು! ಅಕ್ಕೋರು ಮಾತ್ರ ನಗಲಿಲ್ಲ.

ಸೀರೆ ಕೊಳ್ಳುವ ಸಾವಕಾರರು ಅವರನ್ನು ಒಮ್ಮೆ ಊಟಕ್ಕೆ ಕರೆದರು. ನಾವೂ ಹಿಂದೆ ಹೋಗಿ ಅಂಗಳದಲ್ಲಿ ನಿಂತೆವು. ಬೆಳ್ಳಿ ತಾಟು, ಹೋಳಿಗೆ, ಮೇಲೆ ತುಪ್ಪ. ಅಕ್ಕೋರು ಹೋಳಿಗೆ ಮುರಿದರು, ನಮ್ಮ ಕಡೆ ನೋಡಿದರು, ಕೈ ತೊಳೆದುಕೊಂಡು ಎದ್ದುಬಿಟ್ಟರು. “ನೀ ಉಣ್ಣು. ಇವು ಮುಂಜಾನಿಂದ ಉಂಡಿಲ್ಲ” ಎಂದರು. ಸಾವಕಾರರಿಗೇ ‘ನೀ’ ಅಂದರಲ್ಲ ಎಂದು ಓಣಿಯೆಲ್ಲ ನಕ್ಕಿತು. ಅಂದಿನಿಂದ ಅವರು ರಾತ್ರಿಯ ಊಟ ಬಿಟ್ಟರು. ಆ ಪಾಲಿನ ಜೋಳ ನಮಗೆ ಸಂಜೆಯ ಅಂಬಲಿಯಾಯಿತು.

ಓಣಿಯ ಹೆಂಗಸರ ಕಣ್ಣಿಗೆ ಬಿದ್ದದ್ದೇ ಬೇರೆ. ಬಿಳಿ ಅರಿವೆ, ಬೋಳು ಹಣೆ, ಬೋಳು ಕೈ, ಈಗ ಒಪ್ಪತ್ತು ಊಟ ಬೇರೆ. “ಪಾಪ, ಎಳೇ ವಯಸ್ಸಿನಾಗ ಗಂಡನ್ನ ಕಳಕೊಂಡಾಳ” ಎಂದಳು ನಮ್ಮ ಆಯಿ, ಅಂದರೆ ನನ್ನ ಅಜ್ಜಿ. ಆಕೆಯೂ ಗಂಡನನ್ನು ಕಳೆದುಕೊಂಡವಳಾದ್ದರಿಂದ ಆ ಮಾತಿಗೆ ಯಾರೂ ಎದುರಾಡಲಿಲ್ಲ. ಮದುವೆಗಾಗಲಿ ತೊಟ್ಟಿಲಿಗಾಗಲಿ ಅಕ್ಕೋರನ್ನು ಕರೆಯಲಿಲ್ಲ. ಕರೆದು ಮೂಲೆಯಲ್ಲಿ ಕೂರಿಸುವುದಕ್ಕಿಂತ ಕರೆಯದಿರುವುದೇ ಮರ್ಯಾದೆ ಎಂದುಕೊಂಡರು. ಗಾಯ ಕೆದಕಬಾರದೆಂದು ಕೇಳಲೂ ಇಲ್ಲ.

ಓಣಿಯಲ್ಲಿ ಮದುವೆಯ ಸನಾದಿ ಊದುವ ದಿನ ಅಕ್ಕೋರು ತಲೆ ಬಾಚಿಕೊಂಡು, ಬೂಟು ಒರೆಸಿ ಹಾಕಿಕೊಂಡು, ತಮ್ಮ ಮನೆಯ ಕಟ್ಟೆಯ ಮೇಲೆ ಒಬ್ಬರೇ ಕೂತಿರುತ್ತಿದ್ದರು. ಊಟದ ಪಂಕ್ತಿ ಏಳುವ ಹೊತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕರೆ ಬರಬಹುದೆಂದು ಕಾಯುತ್ತಿದ್ದರು ಎಂಬುದು ಹುಡುಗಿಯಾಗಿದ್ದ ನನಗೆ ಹೊಳೆಯಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಿಸಿಲು, ಅರೆಹೊಟ್ಟೆ ಎರಡೂ ಸೇರಿ ಅವರ ಮೈ ಸೋತಿತು. ಊರಿಗೆ ಹೊರಟರು. ಬಾಗಲಕೋಟೆಯ ರೈಲಿಗೆ ಒಯ್ಯುವ ಚಕ್ಕಡಿ ಬಂದು ನಿಂತಾಗ, ಹೇಳಿ ಹೋಗಲು ನಮ್ಮ ಮನೆಗೆ ಬಂದರು. ನನ್ನ ಮದುವೆ ಆಗಷ್ಟೇ ಗೊತ್ತಾಗಿತ್ತು.

“ಈಕಿ ಮದುವಿಗೂ ನನ್ನ ಕರೀತಿರಲಿಲ್ಲ, ಹೌದಲ್ಲ?” ಎಂದು ಆಯಿಯನ್ನು ಕೇಳಿದರು.

“ಬ್ಯಾಸರ ಮಾಡ್ಕೋಬ್ಯಾಡವ್ವಾ. ಗಂಡ ಹೋದಮ್ಯಾಲ ನಾನೂ ಒಳಗ ಕುಂಡ್ರತೇನಿ. ನಮ್ಮಂಥವರು ಅಂಥಲ್ಲಿ ಮುಂದ ಬರಬಾರ್ದು.”

“ಯಾರ ಗಂಡ? ನನಗ ಮದುವಿನ ಆಗಿಲ್ಲ.”

“ಮತ್ತ ಈ ಬಿಳಿ ಅರಿವಿ?”

“ಬಿಸಲಿಗೆ ತಂಪು.”

ಆಯಿ ಗಲ್ಲ ಬಡಿದುಕೊಂಡಳು. “ಎವ್ವಾ, ಮನಿ ಮಗಳನ್ನ ಬಾಗಲ ಹೊರಗ ನಿಲ್ಲಿಸಿದಂಗಾತಲ್ಲ!” ಎಂದವಳೇ ಅವ್ವನ ಕಡೆ ತಿರುಗಿ, “ಲಗೂನ ಉಡಿ ತುಂಬು” ಎಂದಳು. ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಕಳಿಸುವುದು ನಮ್ಮ ಪದ್ಧತಿ. ಅಕ್ಕೋರಿಗೆ ಸೆರಗೇ ಇರಲಿಲ್ಲ. ನಿಲುವಂಗಿಯ ಮುಂಭಾಗವನ್ನೇ ಎರಡು ಕೈಯಲ್ಲಿ ಎತ್ತಿ ಹಿಡಿದರು. ಅವ್ವ ಅಕ್ಕಿ ತಂದೊಡನೆ ಅಕ್ಕೋರು ಹಿಂದಕ್ಕೆ ಸರಿದು, “ಆಯಿ ಹಾಕ್ಲಿ” ಎಂದರು.

“ನಾ ಹಾಕಬಾರ್ದವ್ವಾ. ನಿನಗ ಒಳ್ಳೇದಾಗೂದಿಲ್ಲ.”

“ನನ್ನ ಗಂಡ ಸತ್ತಿದ್ರ ನನ್ನ ಕರೀದ ಬಿಟ್ಟಿದ್ದು ಸರಿ ಆಗತಿತ್ತೇನು? ಹೊರಗ ಒಬ್ಬಾಕಿನ ಕುಂತು ಸನಾದಿ ಕೇಳೂದು ಹೆಂಗಿರತೈತಿ, ನನಗ ಗೊತ್ತೈತಿ. ನೀ ಹಾಕು.”

ಹೊರಗೆ ಚಕ್ಕಡಿಯವನು ಕೂಗುತ್ತಿದ್ದ. ಅಕ್ಕೋರು ಹಿಡಿದ ಅಂಗಿ ಬಿಡಲಿಲ್ಲ. ಕೊನೆಗೆ ಆಯಿ ಬೊಗಸೆ ತುಂಬ ಅಕ್ಕಿ ತೆಗೆದು ಹಾಕಿದಳು. ಅರ್ಧ ನೆಲಕ್ಕೇ ಚೆಲ್ಲಿತು.

ಅಕ್ಕೋರು ತಮ್ಮ ಊರು ಮುಟ್ಟಿದರೋ, ದಾರಿಯಲ್ಲೇ ತೀರಿಕೊಂಡರೋ, ನಮಗೆ ತಿಳಿಯಲೇ ಇಲ್ಲ. ಉಡಿ ತುಂಬಿ ಕಳಿಸಿದ ಮಗಳು ಮರಳಿ ಬರಬೇಕು. ಬರಲಿಲ್ಲವಲ್ಲ, ತನ್ನ ಕೈಯೇ ಕೆಟ್ಟದ್ದೆಂದು ಆಯಿ ಕೊರಗುತ್ತಲೇ ಸತ್ತಳು. ಹಾಗಲ್ಲ ಎಂದು ಹೇಳಬೇಕಾಗಿದ್ದ ಒಬ್ಬರೇ ಒಬ್ಬರು ಊರು ಬಿಟ್ಟು ಹೋಗಿಬಿಟ್ಟಿದ್ದರು.

ಈಗ ನಾನೂ ಗಂಡನನ್ನು ಕಳೆದುಕೊಂಡವಳು. ಮೊನ್ನೆ ಮೊಮ್ಮಗಳು ಗಂಡನ ಮನೆಗೆ ಹೊರಟಳು. ಸೊಸೆ ಅಕ್ಕಿಯ ಬುಟ್ಟಿ ತಂದಿಟ್ಟು, ನನ್ನ ಮುಖ ನೋಡದೆ, “ಅತ್ತಿ, ನೀವು ಒಂಚೂರು ಒಳಗ ಹೋಗ್ರಿ” ಎಂದಳು. ಕೆಟ್ಟವಳಲ್ಲ ಅವಳು, ಓಣಿಗೆ ಅಂಜಿದವಳು. ನನಗೂ ಅಂಜಿಕೆಯಾಯಿತು. ಆದರೂ ಬುಟ್ಟಿಗೆ ಕೈ ಹಾಕಿ ಬೊಗಸೆ ತುಂಬಿಕೊಂಡೆ. ಮೊಮ್ಮಗಳು ತಾಯಿಯ ಕಡೆ ಒಮ್ಮೆ ನೋಡಿ, ನನ್ನ ಮುಂದೆ ಬಂದು ಸೆರಗು ಒಡ್ಡಿದಳು.